ಹಾಡು ಕಟ್ಟುವಾಗ, ಜಾಮ್ ಮಾಡುವಾಗ ಥಿಯರಿ ನನಗೆ ಎಲ್ಲಿ ಬೇಕಾಯಿತು

ನಾನು ಹಾಡು ಕಟ್ಟುವುದು ಕಿವಿ ನಂಬಿಕೊಂಡೇ. ಮೊದಲು ಗುನುಗುತ್ತೇನೆ, ಮಟ್ಟು ಕೂತ ಮೇಲೆ ಗಿಟಾರ್‌ನಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹುಡುಕುತ್ತೇನೆ. ಅಲ್ಲಿವರೆಗೂ ಥಿಯರಿಯ, ಅಂದರೆ ಸಂಗೀತಶಾಸ್ತ್ರದ, ಗೊಡವೆಗೆ ಹೋಗುವುದಿಲ್ಲ. ಹಾಡು ಮುಂದೆ ಹೋಗದೆ ನಿಂತಾಗ ಮಾತ್ರ ಅದು ಬೇಕೇ ಬೇಕು.

ಸಿ ಮೇಜರ್ ಸ್ಕೇಲ್‌ನಲ್ಲಿ (ಸಿ, ಡಿ, ಇ, ಎಫ್, ಜಿ, ಎ, ಬಿ ಎಂಬ ಸ್ವರಶ್ರೇಣಿ) ಒಂದು ಹಾಡು ಮಾಡಿದ್ದೆ. ಪಲ್ಲವಿಯ ಕೊನೆಗೆ ಎಫ್ ಕಾರ್ಡ್‌ನಿಂದ ಸಿ ಕಾರ್ಡ್‌ಗೆ ಬರುತ್ತಿತ್ತು. ಕೇಳೋಕೆ ಚೆನ್ನಾಗೇ ಇತ್ತು, ಆದರೆ ಸಾಹಿತ್ಯದಲ್ಲಿದ್ದ ಅಗಲಿಕೆಯ ನೋವು ಕಾರ್ಡ್‌ನಲ್ಲಿ ಬರಲಿಲ್ಲ. ನಡುವೆ ಎಫ್ ಮೈನರ್ ಹಾಕಿದೆ. ಎಫ್‌ನಲ್ಲಿರುವ ಎ ಸ್ವರ ಎಫ್ ಮೈನರ್‌ನಲ್ಲಿ ಎ ಫ್ಲಾಟ್ (ಎಗಿಂತ ಅರ್ಧ ಸ್ವರ ಕೆಳಗೆ) ಆಗುತ್ತದೆ, ಸಿ ಬಂದಾಗ ಜಿಗೆ ಇಳಿಯುತ್ತದೆ. ಒಂದೊಂದೇ ಫ್ರೆಟ್ (ಗಿಟಾರ್‌ನ ಮನೆ) ಇಳಿಯುವ ಆ ಎಳೆಯೇ ಕರುಳು ಹಿಂಡುತ್ತದೆ. ಅಲ್ಲಿ ಹಾಡುವವರು ಎ ಹಿಡಿದು ನಿಂತರೆ ಎ ಫ್ಲಾಟ್ ಜೊತೆ ತಿಕ್ಕಾಡುತ್ತದೆ. ಹಾಗಾಗಿ ಮಟ್ಟಿನ ಆ ಉದ್ದನೆಯ ಸ್ವರವನ್ನು ಸಿಗೆ ತಿರುಗಿಸಿದೆ. ಮೂರು ಕಾರ್ಡ್‌ಗಳಲ್ಲೂ ಸಿ ಇದೆಯಲ್ವಾ, ದನಿ ಅಲ್ಲಾಡದೆ ನಿಲ್ಲುತ್ತದೆ, ಕೆಳಗೆ ಬಣ್ಣ ಮಾತ್ರ ಬದಲಾಗುತ್ತದೆ.

ಎ ಫ್ಲಾಟ್ ಅನ್ನೋದು ಸಿ ಮೈನರ್ ಸ್ಕೇಲ್‌ನಿಂದ ತಂದ ಸ್ವರ. ಇದು ತಿಳಿದ ಮೇಲೆ ಎ ಫ್ಲಾಟ್, ಬಿ ಫ್ಲಾಟ್ ಕಾರ್ಡ್‌ಗಳನ್ನೂ ಮೇಜರ್ ಹಾಡಿಗೆ ಧೈರ್ಯವಾಗಿ ತರತೊಡಗಿದೆ.

ಜಾಮ್‌ನಲ್ಲಿ, ಅಂದರೆ ತಯಾರಿಯಿಲ್ಲದೆ ಎಲ್ಲರೂ ಸೇರಿ ನುಡಿಸುವಾಗ, ಥಿಯರಿಯ ಉಪಯೋಗವೇ ಬೇರೆ. ಅಲ್ಲಿ ಅದು ಮಾತಾಡಿಕೊಳ್ಳುವ ಭಾಷೆ. ಜಿ, ಇ ಮೈನರ್, ಸಿ, ಡಿ ಎಂದು ನುಡಿಸುತ್ತಿರುವಾಗ ಹಾಡುವವರಿಗೆ ಶ್ರುತಿ ತಗ್ಗಾಯಿತು ಅಂದುಕೊಳ್ಳಿ. ‘ಬಿ ಫ್ಲಾಟ್, ಒಂದು ಆರು ನಾಲ್ಕು ಐದು’ ಅಂದರೆ ಸಾಕು. ಸ್ಕೇಲ್‌ನ ಎಷ್ಟನೇ ಸ್ವರದ ಮೇಲೆ ಕಾರ್ಡ್ ಕಟ್ಟಬೇಕು ಅನ್ನುವುದೇ ಆ ಅಂಕಿ. ಬೇಸ್ ನುಡಿಸುವವರ ಬೆರಳು ಬಿ ಫ್ಲಾಟ್, ಜಿ, ಇ ಫ್ಲಾಟ್, ಎಫ್ ಮೇಲೆ ಹೋಗುತ್ತದೆ. ಕಾರ್ಡ್‌ಗಳನ್ನು ಹೀಗೆ ಅಂಕಿಯಲ್ಲಿ ನೆನಪಿಟ್ಟುಕೊಳ್ಳುವುದನ್ನೇ ಎಲ್ಲಕ್ಕಿಂತ ಮೊದಲು ಕಲಿಯಿರಿ ಅಂತ ನಾನು ಯಾರಿಗೇ ಆದರೂ ಹೇಳುತ್ತೇನೆ. ಮೋಡ್‌ಗಳ (ಒಂದೇ ಸ್ಕೇಲ್ ಅನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡಿದಾಗ ಸಿಗುವ ಸ್ಕೇಲ್‌ಗಳ) ಹೆಸರು ಆಮೇಲೆ ಬಂದರೂ ನಡೆಯುತ್ತದೆ.

ಸೋಲೋದಲ್ಲಿ ಸುಮ್ನೆ ಸ್ಕೇಲ್ ಮೇಲೆ ಕೆಳಗೆ ಓಡಿದರೆ ಕೇಳುವವರಿಗೆ ಏನೂ ಹತ್ತುವುದಿಲ್ಲ. ಕಾರ್ಡ್ ಬದಲಾದ ಕ್ಷಣ ಅದರ ಹೆಸರಿನ ಸ್ವರದಿಂದ ಎಣಿಸಿದ ಮೂರನೇ ಸ್ವರದ ಮೇಲೆ (ಸಿ ಕಾರ್ಡ್‌ಗೆ ಸಿ, ಡಿ, ಇ ಎಂದು ಇ) ಇಳಿಯುತ್ತೇನೆ. ಜಿ ಸೆವೆನ್ ಕಾರ್ಡ್‌ನಿಂದ ಸಿಗೆ ಹೋಗುವಾಗ ಅದರಲ್ಲಿರುವ ಎಫ್ ಸ್ವರ ಹಿಡಿದುಕೊಂಡಿದ್ದು, ಸಿ ಬಿದ್ದ ತಕ್ಷಣ ಇಗೆ ಜಾರಿಸಿ. ಹಿಂದೆ ಯಾರೂ ನುಡಿಸದಿದ್ದರೂ ಕಾರ್ಡ್ ಬದಲಾದದ್ದು ಕೇಳಿಸುತ್ತದೆ. ಅಭ್ಯಾಸಕ್ಕೆ ಕೂತಾಗ ನಾನು ಮೊದಲು ಇದನ್ನೇ ಮಾಡುತ್ತೇನೆ: ಬ್ಯಾಕಿಂಗ್ ಟ್ರ್ಯಾಕ್ (ಹಿನ್ನೆಲೆಯ ರೆಕಾರ್ಡಿಂಗ್) ಇಲ್ಲದೆ, ಒಂದೇ ತಂತಿಯಲ್ಲಿ, ನಿಧಾನವಾಗಿ.