ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ

ಪ್ರಿಂಟ್ ತೆಗೆಸಲು ಹೋದವನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಜೆರಾಕ್ಸ್ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಮರುದಿನ ಬೆಳಿಗ್ಗೆ ಅಂಗಡಿಯವರು ಜೋಪಾನವಾಗಿ ತೆಗೆದು ಕೊಟ್ಟರು, ಪುಣ್ಯಾತ್ಮರು. ಆದರೆ ಆ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಮನೆಯವರೆಲ್ಲರ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಪತ್ರದ ಸ್ಕ್ಯಾನ್ ಎಲ್ಲ ಅದರಲ್ಲೇ ಇದ್ದವು.

ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕಿಗೆ ಬೀಗ ಹಾಕಲೇಬೇಕು ಅನ್ನಿಸಿತು. ಮೊದಲು ಅದಕ್ಕೆಂದೇ ವಿಂಡೋಸ್‌ನಲ್ಲಿರುವ ಬಿಟ್‌ಲಾಕರ್ ನೋಡಿದೆ. ನನ್ನದು ಹೋಮ್ ಆವೃತ್ತಿ. ಬೇರೆ ಕಡೆ ಬೀಗ ಹಾಕಿದ ಡಿಸ್ಕನ್ನು ಇದು ತೆರೆಯುತ್ತದೆ, ತಾನೇ ಬೀಗ ಹಾಕಬೇಕೆಂದರೆ ಪ್ರೋ ಬೇಕು. ಅದಕ್ಕೆ ದುಡ್ಡು ಕೊಡಲು ಮನಸ್ಸಾಗಲಿಲ್ಲ. ಇದೇ ಕೆಲಸ ಮಾಡುವ ವೆರಾಕ್ರಿಪ್ಟ್ ಅನ್ನುವ ತಂತ್ರಾಂಶ ಹಾಕಿಕೊಂಡೆ. ಪುಕ್ಕಟೆ ಸಿಗುತ್ತದೆ, ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ನಡೆಯುತ್ತದೆ.

ಇಡೀ ಡಿಸ್ಕಿಗೆ ಬೀಗ ಹಾಕುವ ಯೋಚನೆಯಿತ್ತು. ಮನೆಯಲ್ಲಿ ಒಪ್ಪಲಿಲ್ಲ. ಬೀಗ ಹಾಕಿದ್ದನ್ನು ಟಿವಿ ಓದುವುದಿಲ್ಲ, ಸಿನಿಮಾ ನೋಡುವುದು ಹೇಗೆ? ಸರಿ, 1 ಟಿಬಿ ಡಿಸ್ಕನ್ನು ಎರಡು ಭಾಗ ಮಾಡಿದೆ. 200 ಜಿಬಿ ಟಿವಿಗೆ, ಉಳಿದದ್ದು ನನಗೆ. ಇದಕ್ಕೂ ಮೊದಲು ಇದ್ದ ಫೈಲ್‌ಗಳನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡೆ, ಯಾಕೆಂದರೆ ಹೊಸದಾಗಿ ಮಾಡುವಾಗ ಎಲ್ಲ ಅಳಿಸಿಹೋಗುತ್ತದೆ.

ಮುಂದಿನದು ಸುಲಭ. ಬೀಗದ ವಿಧಾನ ಎಇಎಸ್ ಅಂತ ವೆರಾಕ್ರಿಪ್ಟ್ ತಾನೇ ತೋರಿಸಿದ್ದನ್ನು ಬದಲಿಸಲು ಹೋಗಲಿಲ್ಲ. ಪಾಸ್‌ವರ್ಡ್ 20 ಅಕ್ಷರಕ್ಕಿಂತ ಕಡಿಮೆಯಾದರೆ ಎಚ್ಚರಿಸುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದೆ. ಕಾಗದದಲ್ಲಿ ಬರೆದು ಹೆಂಡತಿಗೂ ಕೊಟ್ಟೆ. ಬರೆದಿಡಬಾರದು ಅನ್ನುವವರಿದ್ದಾರೆ. ಮರೆತರೆ ತೆರೆದುಕೊಡುವವರು ಯಾರೂ ಇಲ್ಲ, ಹಾಗಾಗಿ ನಾನು ಬರೆದಿಡುವ ಪಕ್ಷ. ಆಮೇಲೆ ಮೌಸ್ ಅನ್ನು ಹುಚ್ಚುಚ್ಚಾಗಿ ಆಡಿಸು ಅನ್ನುತ್ತದೆ. ಕೀಲಿ ಊಹೆಗೆ ಸಿಗದಂತೆ ಮಾಡಲು ಆ ಓಡಾಟವೂ ಬೇಕಂತೆ. ನನ್ನ ಮಗಳಿಗೆ ಕೊಟ್ಟೆ, ಬಹಳ ಚೆನ್ನಾಗಿ ಮಾಡಿದಳು.

ಕ್ವಿಕ್ ಫಾರ್ಮ್ಯಾಟ್ ಆರಿಸಲಿಲ್ಲ. ಆರಿಸಿದ್ದರೆ ಹಳೆ ಫೈಲ್‌ಗಳ ಚೂರು ಡಿಸ್ಕಿನಲ್ಲಿ ಹಾಗೇ ಉಳಿಯುತ್ತಿದ್ದವು. ಪೂರ್ತಿ ಮಾಡಲು ಏಳು ಗಂಟೆ ಅಂತ ತೋರಿಸಿತು. ನೋಡಿದರೆ ಕಂಪ್ಯೂಟರಿನ ಮುಂಭಾಗದ ನಿಧಾನದ ಹಳೆ ಯುಎಸ್‌ಬಿ ತೂತಿಗೆ ಸಿಕ್ಕಿಸಿದ್ದೆ. ನಿಲ್ಲಿಸಿ ಹಿಂಭಾಗದ ವೇಗದ ನೀಲಿ ತೂತಿಗೆ ಹಾಕಿ ಮತ್ತೆ ಶುರು ಮಾಡಿದೆ, ಎರಡೂವರೆ ಗಂಟೆಯಲ್ಲಿ ಮುಗಿಯಿತು. ಫೈಲ್‌ಗಳನ್ನು ಒಳಗೆ ಹಾಕಿದ ಮೇಲೂ ಕಂಪ್ಯೂಟರಿನಲ್ಲಿದ್ದ ಕಾಪಿ ಎರಡು ವಾರ ಹಾಗೇ ಇತ್ತು, ಅಳಿಸಲು ನೆನಪೇ ಇರಲಿಲ್ಲ!

ನಿಜವಾಗಿ ಬೆವರಿದ್ದು ಇದಾದ ಮೇಲೆ. ಒಂದು ಭಾನುವಾರ ಅಪ್ಪ ಹಳೆ ಫೋಟೋ ನೋಡೋಣ ಅಂತ ತಾವೇ ಡಿಸ್ಕ್ ಸಿಕ್ಕಿಸಿದ್ದಾರೆ. "ಏನೋ ಫಾರ್ಮ್ಯಾಟ್ ಮಾಡು ಅಂತಿದೆ ಕಣೋ, ಒತ್ತಲಾ?" ಸ್ನಾನದ ಮನೆಯಿಂದಲೇ "ಬೇಡಪ್ಪಾ" ಅಂತ ಕೂಗಿದೆ. ಬೀಗ ಹಾಕಿದ ಭಾಗ ವಿಂಡೋಸ್ ಕಣ್ಣಿಗೆ ಬರೀ ಕಸ. ಹಾಗಾಗಿ ಪ್ರತಿ ಸಲ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಅಪ್ಪ ಕೇಳದೆ ಒತ್ತಿದ್ದರೆ ಮುಗಿಯಿತು, ಅಲ್ವಾ?

ಅವತ್ತೇ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ ಭಾಗದ ಡ್ರೈವ್ ಅಕ್ಷರ (ಇ, ಎಫ್ ಅಂತ ಇರುತ್ತದಲ್ಲ, ಅದು) ತೆಗೆದುಹಾಕಿದೆ. ವೆರಾಕ್ರಿಪ್ಟ್‌ಗೆ ಅದಿಲ್ಲದೆಯೂ ಡಿಸ್ಕ್ ಕಾಣುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಆ ಪ್ರಶ್ನೆ ನಿಂತಿತು. ಬೇರೆ ಕಂಪ್ಯೂಟರಿಗೆ ಹಾಕಿದರೆ ಮತ್ತೆ ಬರುತ್ತದೆ. ಬೀಗ ಹಾಕಿದ ಭಾಗದ ಶುರುವಿನಲ್ಲಿ ಹೆಡರ್ ಅಂತ ಒಂದು ಸಣ್ಣ ಜಾಗವಿದೆ, ಅದರ ಬ್ಯಾಕಪ್ ಕೂಡ ಪೆನ್‌ಡ್ರೈವಿಗೆ ತೆಗೆದಿಟ್ಟೆ. ಕೀಲಿ ಇರುವುದು ಅಲ್ಲೇ. ಅದೂ, ಭಾಗದ ಕೊನೆಯಲ್ಲಿ ವೆರಾಕ್ರಿಪ್ಟ್ ತಾನೇ ಇಡುವ ಅದರ ಪ್ರತಿಯೂ ಹಾಳಾದರೆ ಪಾಸ್‌ವರ್ಡ್ ಗೊತ್ತಿದ್ದೂ ಪ್ರಯೋಜನವಿಲ್ಲ.

ಸುಮ್ನೆ ನಂಬುವುದು ಬೇಡವೆಂದು ಇನ್ನೊಂದು ಹಳೆ ಪೆನ್‌ಡ್ರೈವಿಗೂ ಹೀಗೇ ಬೀಗ ಹಾಕಿ, ಬೇಕಂತಲೇ ಫಾರ್ಮ್ಯಾಟ್ ಒತ್ತಿದೆ. ಹೆಡರ್ ಮರಳಿ ಹಾಕಿದಾಗ ಪಾಸ್‌ವರ್ಡ್ ಒಪ್ಪಿಕೊಂಡಿತು, ಆದರೆ ಒಳಗಿದ್ದ ಕೆಲವು ಫೋಟೋ ತೆರೆಯಲೇ ಇಲ್ಲ. ಮರುವಾರ ಇನ್ನೊಂದು ಹಾರ್ಡ್ ಡಿಸ್ಕ್ ತಂದು, ಅದಕ್ಕೂ ಬೀಗ ಹಾಕಿ, ಎಲ್ಲದರ ಕಾಪಿ ತುಂಬಿ ತಂಗಿಯ ಮನೆಯಲ್ಲಿಟ್ಟೆ. ಎರಡರ ಮೇಲೂ "ಫಾರ್ಮ್ಯಾಟ್ ಬೇಡ" ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಅಕ್ಷರ ಅಪ್ಪನದು.