ನಗರಸಭೆಯ ದುಡ್ಡು ಬಡವರ ಕೇಂದ್ರಕ್ಕೆ: ಕೇಳುವುದು ಹೇಗೆ, ಯಾವಾಗ?

ಆಸ್ತಿ ತೆರಿಗೆ ಕಟ್ಟಿದ ರಸೀದಿ ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ತೆರಿಗೆಯ ಕೆಳಗೆ ಸೆಸ್‌ಗಳ ಸಾಲು ಇರುತ್ತದೆ. ಅದರಲ್ಲಿ ಭಿಕ್ಷುಕರ ಸೆಸ್ ಅಂತ ಒಂದಿದೆ, ತೆರಿಗೆಯ ಶೇ 3ರಷ್ಟು. ಊರಿನಲ್ಲಿ ಬಡವರಿಗೆ ಊಟ, ಮಲಗಲು ಜಾಗ ಕೊಡುವ ಸಣ್ಣ ಸಂಸ್ಥೆಯವರು ಇದನ್ನು ನೋಡಿ, ‘ಈ ದುಡ್ಡು ನಮಗೆ ಬರಬೇಕಲ್ವಾ?’ ಅಂತ ಕೇಳುತ್ತಾರೆ. ಬರುವುದಿಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಆ ಹಣ ಕೇಂದ್ರ ಪರಿಹಾರ ಸಮಿತಿಗೆ ಹೋಗುತ್ತದೆ. ಸರ್ಕಾರದ ನಿರಾಶ್ರಿತರ ಕೇಂದ್ರಗಳು ಅದರಲ್ಲಿ ನಡೆಯುತ್ತವೆ. ನಿಮ್ಮ ದಾರಿ ಬೇರೆ.

ಆರು ವರ್ಷ ಇಂಥ ಒಂದು ಆಶ್ರಯ ಕೇಂದ್ರದ ಲೆಕ್ಕ ಬರೆದವಳು ನಾನು. ಒಳ್ಳೆ ಕೆಲಸ ಮಾಡುವವರೇ ತಪ್ಪು ಹೊತ್ತಿಗೆ ಹೋಗಿ, ತಪ್ಪು ಮಾತು ಕೇಳಿ, ಬರಿಗೈಯಲ್ಲಿ ವಾಪಸ್ ಬರುವುದನ್ನು ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವ ದುಡ್ಡು, ಯಾರ ಖಾತೆಗೆ?

ನಮ್ಮ ರಾಜ್ಯದ ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳು ತಮ್ಮ ಹಣದಲ್ಲಿ ಒಂದು ಪಾಲನ್ನು ಬಡವರಿಗೆ ಅಂತ ಎತ್ತಿಡಲೇಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಕಚೇರಿಯಲ್ಲಿ ಇತರೆ ಬಡವರ ಪಾಲನ್ನು ಸುಮ್ನೆ ‘ಏಳು ಕಾಲು ಪರ್ಸೆಂಟ್’ ಅಂತಲೇ ಕರೆಯುತ್ತಾರೆ, ನೀವೂ ಹಾಗೇ ಕೇಳಿ. ಆದರೆ ಈ ಮೂರೂ ಪಾಲುಗಳಲ್ಲಿ ಓದಿನ ನೆರವು, ಚಿಕಿತ್ಸೆಯ ನೆರವು, ತ್ರಿಚಕ್ರ ವಾಹನದಂಥವು ಫಲಾನುಭವಿಗೇ ಸೇರುತ್ತವೆ. ಸಂಸ್ಥೆಯ ಖಾತೆಗೆ ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಅರ್ಜಿ ಹಾಕಲು ಗೊತ್ತಿಲ್ಲದ ಇಪ್ಪತ್ತು ಜನರಿಗೆ ಅರ್ಜಿ ಬರೆದುಕೊಟ್ಟರೆ ನಿಮ್ಮ ಕೇಂದ್ರದ ಮೇಲಿನ ಅಷ್ಟು ಭಾರ ಇಳಿಯುತ್ತದೆ.

ಸಂಸ್ಥೆಗೇ ಹಣ ಬರುವ ಮುಖ್ಯ ದಾರಿ, ನಗರಸಭೆ ಮಾಡಬೇಕಾದ ಕೆಲಸವನ್ನು ನೀವು ವಹಿಸಿಕೊಳ್ಳುವುದು. ವಸತಿರಹಿತರ ಆಶ್ರಯ ಕೇಂದ್ರ ಇದಕ್ಕೆ ಒಳ್ಳೆ ಉದಾಹರಣೆ. ದೊಡ್ಡ ನಗರಗಳಲ್ಲಿ ಇಂಥ ಕೇಂದ್ರ ಬೇಕು ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ 1 ಲಕ್ಷ ಜನಸಂಖ್ಯೆಗೆ 100 ಜನ ತಂಗುವಷ್ಟು ಜಾಗ, ಒಬ್ಬರಿಗೆ ಕನಿಷ್ಠ 50 ಚದರಡಿ ಅಂತ ಲೆಕ್ಕ ಹಾಕಿಕೊಟ್ಟಿತ್ತು. ಕಟ್ಟಡ ನಗರಸಭೆಯದ್ದು, ನಡೆಸುವ ಹೊಣೆ ಸಂಸ್ಥೆಯದ್ದು. ಪ್ರಕಟಣೆ ಕೊಟ್ಟು ಅರ್ಜಿ ಕರೆದು, ಒಡಂಬಡಿಕೆ ಮಾಡಿಕೊಂಡು ವಹಿಸುತ್ತಾರೆ.

ಫೈಲ್ ಮೊದಲು ಸರಿ ಮಾಡಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಣಿ ಆಗಿದ್ದರಷ್ಟೇ ಸಾಲದು. ಪ್ರತಿ ವರ್ಷ ರಿಜಿಸ್ಟ್ರಾರ್ ಕಚೇರಿಗೆ ಕೊಡುವ ಪಟ್ಟಿ, ಲೆಕ್ಕಪತ್ರ ಬಾಕಿ ಉಳಿದಿರಬಾರದು. ಮೂರು ವರ್ಷದ ಆಡಿಟ್ ವರದಿ, ಪ್ಯಾನ್, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದ ನೋಂದಣಿ ಸಂಖ್ಯೆ, ಇದ್ದರೆ 12ಎ ಮತ್ತು 80ಜಿ ಅನ್ನುವ ಆದಾಯ ತೆರಿಗೆ ವಿನಾಯಿತಿ ಪತ್ರ ಇಟ್ಟುಕೊಳ್ಳಿ. ಯಾರು ಸಹಿ ಹಾಕಬೇಕು ಅಂತ ಕಾರ್ಯಕಾರಿ ಸಮಿತಿ ಮಾಡಿದ ಠರಾವಿನ ಪ್ರತಿಯೂ ಬೇಕು. ಇದೊಂದು ಕಾಗದ ಮರೆತು ಎಷ್ಟೋ ಅರ್ಜಿಗಳು ಬದಿಗೆ ಬೀಳುತ್ತವೆ.

ರಾತ್ರಿ ಹೋಗಿ ಎಣಿಸಿ

ಅರ್ಜಿಗೆ ನಿಜವಾದ ಬಲ ಬರುವುದು ಇಲ್ಲಿಂದ. ‘ಊರಲ್ಲಿ ತುಂಬಾ ಬಡವರಿದ್ದಾರೆ’ ಅಂದರೆ ಅಧಿಕಾರಿ ತಲೆಯಾಡಿಸಿ ಸುಮ್ಮನಾಗುತ್ತಾರೆ. ರಾತ್ರಿ ಹತ್ತೂವರೆಯ ಮೇಲೆ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಸಂತೆ ಮೈದಾನ, ಸರ್ಕಾರಿ ಆಸ್ಪತ್ರೆಯ ಜಗಲಿ, ಈ ನಾಲ್ಕೂ ಕಡೆ ನಡೆದು ಬನ್ನಿ. ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು ಬರೆದುಕೊಳ್ಳಿ. ಒಂದೇ ರಾತ್ರಿ ಸಾಲದು, ಮೂರು ರಾತ್ರಿ ಹೋಗಿ. ಮಲಗಿದವರ ಮುಖಕ್ಕೆ ಟಾರ್ಚ್ ಬಿಡಬೇಡಿ. ಫೋಟೊ ಬೇಡವೇ ಬೇಡ.

ಡಿಸೆಂಬರ್‌ನಲ್ಲೇ ಹೊರಡಿ

ನಗರಸಭೆಯ ವರ್ಷ ಏಪ್ರಿಲ್‌ಗೆ ಶುರು. ಬಜೆಟ್ ಮಂಡಿಸುವುದು ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ. ಅದಕ್ಕೂ ಮೊದಲು ಸಾರ್ವಜನಿಕರ ಸಲಹೆ ಕೇಳಲು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ. ಆ ಸಭೆಗೆ ಹೋಗಿ ಎರಡು ನಿಮಿಷ ಮಾತಾಡಿ, ಪತ್ರ ಕೊಡಿ. ಜೂನ್‌ನಲ್ಲಿ ಹೋದರೆ ‘ಈ ವರ್ಷ ಹೆಡ್ಡೇ ಇಲ್ಲ’ ಅನ್ನುತ್ತಾರೆ. ಅದು ನೆಪವಲ್ಲ, ನಿಜವಾಗಿಯೂ ಇರುವುದಿಲ್ಲ. ಬಜೆಟ್‌ನಲ್ಲಿ ಲೆಕ್ಕಶೀರ್ಷಿಕೆ ಇಲ್ಲದ ಕೆಲಸಕ್ಕೆ ಚೆಕ್ ಬರೆಯಲು ಯಾರಿಗೂ ಆಗದು.

ಪತ್ರ ಒಂದೇ ಪುಟ ಇರಲಿ. ಪುರಸಭೆಯಾದರೆ ಮುಖ್ಯಾಧಿಕಾರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಪಾಲಿಕೆಯಾದರೆ ಆಯುಕ್ತರಿಗೆ ಬರೆಯಿರಿ. ‘ದಯಮಾಡಿ ಧನಸಹಾಯ ನೀಡಿ’ ಅನ್ನಬೇಡಿ. ಹೀಗೆ ಬರೆಯಿರಿ: ‘ನಮ್ಮ ಎಣಿಕೆಯಂತೆ ಇಷ್ಟು ಜನ ಬಯಲಲ್ಲಿ ಮಲಗುತ್ತಿದ್ದಾರೆ. ನಗರಸಭೆಯ ಇಂಥ ಕಟ್ಟಡ ಖಾಲಿ ಇದೆ. ಅದರಲ್ಲಿ ಆಶ್ರಯ ಕೇಂದ್ರ ನಡೆಸಲು ತಿಂಗಳಿಗೆ ಇಷ್ಟು ಖರ್ಚಾಗುತ್ತದೆ. ಮುಂದಿನ ಬಜೆಟ್‌ನಲ್ಲಿ ಸೇರಿಸಿ, ನಿಯಮದಂತೆ ಅರ್ಜಿ ಕರೆಯಿರಿ.’ ಖರ್ಚಿನ ಪಟ್ಟಿಯಲ್ಲಿ ಕಾವಲುಗಾರರ ಸಂಬಳ, ಹಾಸಿಗೆ ಒಗೆತ, ಫಿನಾಯಿಲ್, ಎಲ್ಲವನ್ನೂ ಬಿಡಿಸಿ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ನಂಬರು ಹಾಕಿಸಿಕೊಳ್ಳಿ. ಆ ನಂಬರೇ ಮುಂದೆ ಕಡತ ಹುಡುಕುವ ದಾರಿ.

ಇನ್ನೊಂದು ಪ್ರತಿ ನಿಮ್ಮ ವಾರ್ಡಿನ ಸದಸ್ಯರಿಗೆ. ಪಾಲಿಕೆಗಳಲ್ಲಿ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಇರುತ್ತದೆ, ಅದರ ಅಧ್ಯಕ್ಷರನ್ನೂ ಕಾಣಿ. ಚುನಾಯಿತ ಸದಸ್ಯರು ಇಲ್ಲದ ಕಡೆ ಆಡಳಿತಾಧಿಕಾರಿಯೇ ತೀರ್ಮಾನಿಸುತ್ತಾರೆ.

ಹಣ ಸಿಕ್ಕ ಮೇಲೆ

ಒಡಂಬಡಿಕೆಗೆ ಸಹಿ ಹಾಕುವ ಮೊದಲು ಕಂತು ಯಾವಾಗ, ಕರೆಂಟ್ ಬಿಲ್ ಯಾರದ್ದು, ಇವೆರಡನ್ನು ಓದಿ ನೋಡಿ. ಕಂತು ತಡವಾಗುತ್ತದೆ. ಮೂರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಶುರು ಮಾಡಬೇಡಿ. ಅಡುಗೆಯವರ ಸಂಬಳ ನಿಂತರೆ ಕೇಂದ್ರ ಒಂದೇ ವಾರದಲ್ಲಿ ಸೊರಗುತ್ತದೆ.

ಒಮ್ಮೆ ನಮ್ಮ ಬಿಲ್ ವಾಪಸ್ ಬಂತು. ಬಸ್ ಸ್ಟ್ಯಾಂಡಿನಿಂದ ಬಂದ ಒಬ್ಬ ಅಜ್ಜ ಹೆಸರು ಕೇಳಿದರೆ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಹನ್ನೊಂದು ರಾತ್ರಿ ‘ಹೆಸರು ಹೇಳಲಿಲ್ಲ’ ಅಂತಷ್ಟೇ ಬರೆದಿದ್ದೆ. ಹೆಸರಿಲ್ಲದವರ ಖರ್ಚು ಒಪ್ಪಲಾಗದು ಅಂತ ಷರಾ ಬಂತು. ಅಂದೇ ಪುಸ್ತಕದಲ್ಲಿ ಹೊಸ ಕಾಲಂ ಎಳೆದೆ: ಅಂದಾಜು ವಯಸ್ಸು, ಗುರುತು, ಹೆಬ್ಬೆಟ್ಟು, ಕಾವಲುಗಾರರ ಸಹಿ. ‘ಸುಮಾರು 70, ಎಡ ಹುಬ್ಬಿನ ಮೇಲೆ ಗಾಯದ ಕಲೆ, ಕಂದು ಶಾಲು.’ ಹೆಬ್ಬೆಟ್ಟು ಒತ್ತಲು ಅಜ್ಜ ತಕರಾರು ಮಾಡಲಿಲ್ಲ. ಮತ್ತೆ ಆಕ್ಷೇಪಣೆ ಬರಲಿಲ್ಲ. ಆಧಾರ್ ಇಲ್ಲ, ಹೆಸರಿಲ್ಲ ಅಂತ ಯಾರನ್ನೂ ಬಾಗಿಲಿಂದ ಕಳಿಸಬೇಡಿ, ಕಾಲಂ ಎಳೆಯಿರಿ.

ಈ ಹಣಕ್ಕೆ ಬೇರೆಯೇ ಕ್ಯಾಶ್ ಬುಕ್ ಇಡಿ. ವೋಚರ್‌ಗಳಿಗೆ ನಂಬರು ಹಾಕಿ. ವರ್ಷ ಮುಗಿದ ಕೂಡಲೇ ಹಣ ಬಳಕೆ ಪ್ರಮಾಣಪತ್ರ, ಅಂದರೆ ‘ಯುಸಿ’, ಕೊಟ್ಟುಬಿಡಿ. ಅದು ಬಾಕಿ ಇದ್ದರೆ ಮುಂದಿನ ಕಂತು ಕದಲುವುದಿಲ್ಲ. ಎಲ್ಲ ಕೊಟ್ಟೂ ಉತ್ತರ ಬರದಿದ್ದರೆ ಒಂದೊಂದಕ್ಕೂ ಬೇರೆ ಅರ್ಜಿ ಬರೆದು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಎರಡು ಪ್ರಶ್ನೆ ಕೇಳಿ: ನನ್ನ ಟಪಾಲು ನಂಬರಿನ ಕಡತ ಈಗ ಯಾರ ಮೇಜಿನಲ್ಲಿದೆ? ಈ ವರ್ಷ ಶೇ 7.25ರಲ್ಲಿ ಎಷ್ಟು ಖರ್ಚಾಗಿದೆ, ಎಷ್ಟು ಉಳಿದಿದೆ? 30 ದಿನದೊಳಗೆ ಉತ್ತರ ಕೊಡಬೇಕು.