ನಿಲ್ದಾಣದ ಸುತ್ತ ಕಟ್ಟಡ ಬೆಳೆದರೆ ಮೆಟ್ರೊ ತುಂಬುತ್ತಾ? ಲೆಕ್ಕ ಹಾಕಿದ ನನ್ನ ಅನುಭವ

ಮೆಟ್ರೊ ಬಂದರೆ ಸುತ್ತ ಅಪಾರ್ಟ್‌ಮೆಂಟ್ ಏಳುತ್ತವೆ, ಅಪಾರ್ಟ್‌ಮೆಂಟ್ ಎದ್ದರೆ ರೈಲು ತುಂಬುತ್ತದೆ. ಸಾರಿಗೆ ಯೋಜನೆಯ ಮೀಟಿಂಗುಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬೆಂಗಳೂರಿನ ನಿಯಮವೂ ಇದನ್ನೇ ನಂಬಿಕೊಂಡಿತ್ತು. ನಗರದ ಪರಿಷ್ಕೃತ ಮಾಸ್ಟರ್ ಪ್ಲಾನ್ ಆದ ಆರ್‌ಎಂಪಿ 2015ರಲ್ಲಿ ಮೆಟ್ರೊ ನಿಲ್ದಾಣದಿಂದ 150 ಮೀಟರ್ ಒಳಗಿನ ಸೈಟುಗಳಿಗೆ 4 ಎಫ್‌ಎಆರ್ ಕೊಟ್ಟರು, ಅಂದರೆ ಸೈಟಿನ ವಿಸ್ತೀರ್ಣದ ನಾಲ್ಕು ಪಟ್ಟು ಕಟ್ಟಬಹುದು. ಹೀಗೆ ಕಟ್ಟಿದ್ದಕ್ಕೂ ರೈಲು ಹತ್ತುವವರ ಸಂಖ್ಯೆಗೂ ನಿಜಕ್ಕೂ ಎಷ್ಟು ಸಂಬಂಧ ಇದೆ ಅಂತ ನಿಲ್ದಾಣವಾರು ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಎಲ್ಲರೂ ಶುರು ಮಾಡುವುದು ಒಂದು ವೃತ್ತದಿಂದ. ನಿಲ್ದಾಣವನ್ನು ನಡುವೆ ಇಟ್ಟು 800 ಮೀಟರ್ ವೃತ್ತ ಎಳೆದರೆ ಸುಮಾರು 2 ಚದರ ಕಿಲೋಮೀಟರ್ ಸಿಗುತ್ತದೆ. ಅದರೊಳಗಿನ ಜನರನ್ನೆಲ್ಲ ಮೆಟ್ರೊ ಗಿರಾಕಿಗಳು ಅಂತ ಬರೆದುಬಿಡುತ್ತಾರೆ. ಆದರೆ ಜನ ಕಾಂಪೌಂಡ್ ಗೋಡೆ ಹಾರಿ ಬರುವುದಿಲ್ಲ, ಅಲ್ವಾ? ಹಾಗಾಗಿ ಯಾರು ಬೇಕಾದರೂ ಬಳಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ರಸ್ತೆಗಳನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ಗೆ ಹಾಕಿ, ರಸ್ತೆ ಹಿಡಿದು 800 ಮೀಟರ್ ನಡೆದರೆ ಎಲ್ಲಿಯವರೆಗೆ ಮುಟ್ಟುತ್ತೇವೆ ಅಂತ ಪ್ರತಿ ನಿಲ್ದಾಣಕ್ಕೂ ಬೇರೆ ನಕ್ಷೆ ಮಾಡಿಕೊಂಡೆ. ಅಚ್ಚುಕಟ್ಟಾದ ಚೌಕಾಕಾರದ ಬೀದಿಗಳಿದ್ದರೂ ವೃತ್ತದ ಸುಮಾರು ಶೇ 64ರಷ್ಟು ಜಾಗವನ್ನು ಮಾತ್ರ ಮುಟ್ಟಬಹುದು. ಅದು ಬರೀ ಜ್ಯಾಮಿತಿ, ಯಾರ ತಪ್ಪೂ ಅಲ್ಲ. ಇಂದಿರಾನಗರದಲ್ಲಿ ಮೇನ್, ಕ್ರಾಸ್ ಅಂತ ಬೀದಿಗಳು ಸಾಲಾಗಿರುವುದರಿಂದ ನಡಿಗೆಯ ನಕ್ಷೆ ಚೆನ್ನಾಗಿ ಹರಡಿಕೊಂಡಿತು. ಪೀಣ್ಯದಲ್ಲಿ ಅದು ತುಮಕೂರು ರಸ್ತೆಯ ಉದ್ದಕ್ಕೆ ಒಂದು ಪಟ್ಟಿಯಂತೆ ಸೊರಗಿತು.

ಆ ನಕ್ಷೆಯೂ ಪೂರ್ತಿ ನಿಜ ಹೇಳುವುದಿಲ್ಲ. ರಸ್ತೆ ಇದೆ ಅಂತ ತೋರಿಸುತ್ತದೆ, ಗೇಟಿಗೆ ಬೀಗ ಇದೆ ಅಂತ ತೋರಿಸುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಯ ಪಕ್ಕದ ಗೇಟಿನ ಹತ್ತಿರ ನಿಂತು ಸೆಕ್ಯುರಿಟಿಯವರನ್ನು ಕೇಳಿದೆ, "ಅಣ್ಣಾ, ಈ ಗೇಟು ತೆಗೆಯಲ್ವಾ?"

"ಶಿಫ್ಟ್ ಶುರು ಆಗುವಾಗ ಒಂದ್ಸಲ, ಬಿಟ್ಟಾಗ ಒಂದ್ಸಲ ಮೇಡಂ. ಮಿಕ್ಕಿದ ಟೈಮಲ್ಲಿ ಎಲ್ಲರೂ ಆ ಕಡೆಯಿಂದಲೇ."

ಆ ಕಡೆ ಅಂದರೆ ಇಡೀ ಕಾಂಪೌಂಡ್ ಸುತ್ತಬೇಕು. ಇಂಥ ಗೇಟುಗಳನ್ನು ಒಂದೊಂದಾಗಿ ನಕ್ಷೆಯಿಂದ ಅಳಿಸುತ್ತಾ ಹೋದೆ.

ಇನ್ನು ಜನರ ಲೆಕ್ಕ. ಕೈಗೆ ಸಿಗುವುದು 2011ರ ಜನಗಣತಿ. ಮಹದೇವಪುರದ ಕಡೆ ಆ ಅಂಕಿ ಹಿಡಿದುಕೊಂಡು ಹೋದರೆ ನಗೆಪಾಟಲು. ಅದಕ್ಕೇ ಬೀದಿಗಿಳಿದು ಕಟ್ಟಡಗಳನ್ನು ಎಣಿಸಿದೆವು. ಬಾಡಿಗೆ ಮನೆಗಳ ಕಟ್ಟಡದಲ್ಲಿ ಕೆಲಸ ಸಲೀಸು: ಗೇಟಿನ ಒಳಗೆ ಬೆಸ್ಕಾಂ ಮೀಟರ್‌ಗಳು ಸಾಲಾಗಿ ಇರುತ್ತವೆ, ಅಷ್ಟು ಮನೆ ಅಂತ ಬರೆದುಕೊಂಡರೆ ಆಯಿತು. ಪಿಜಿಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಐದು ಮಹಡಿಯ ಕಟ್ಟಡಕ್ಕೆ ಒಂದೆರಡು ಮೀಟರ್, ಒಳಗೆ ಊರಷ್ಟು ಹುಡುಗರು. ಹೂಡಿಯಲ್ಲಿ ಪಿಜಿ ನಡೆಸುವ ಅಕ್ಕನನ್ನು ಎಷ್ಟು ಬೆಡ್ ಅಂತ ಕೇಳಿದರೆ, "ಟ್ಯಾಕ್ಸ್‌ನವರಾ ನೀವು?" ಅಂದರು. ಅಲ್ಲ ಅಂತ ಎಷ್ಟು ಹೇಳಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಪ್ರತಿ ಮಹಡಿಯ ಬಾಗಿಲ ಮುಂದೆ ಬಿಟ್ಟ ಚಪ್ಪಲಿ, ಶೂಗಳನ್ನು ನೋಡಿ ಅಂದಾಜು ಮಾಡಿದೆವು. ಹೊರಗಿನ ಬೋರ್ಡಿನಲ್ಲಿ 'ಟ್ರಿಪಲ್ ಶೇರಿಂಗ್' ಅಂತ ಇದ್ದರೆ ಆ ಅಂದಾಜನ್ನು ತಾಳೆ ನೋಡುವುದು ಸುಲಭ.

ಪಿಜಿಗಳನ್ನು ಬಿಡದೆ ಎಣಿಸಿದ್ದಕ್ಕೆ ಕಾರಣ ಇದೆ. ಅಲ್ಲಿ ಕಾರು ಇಲ್ಲ. ನಿಲ್ದಾಣದ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಎರಡು ಹಂತದ ಬೇಸ್‌ಮೆಂಟ್ ತುಂಬ ಕಾರುಗಳು. ಜಾಸ್ತಿ ಎಫ್‌ಎಆರ್ ಕೊಡುವ ನಿಯಮವೇ ಫ್ಲ್ಯಾಟ್ ಲೆಕ್ಕದಲ್ಲಿ ಕಾರು ನಿಲ್ಲಿಸುವ ಜಾಗವನ್ನೂ ಕೇಳುತ್ತದೆ. ಒಂದು ಕೈಯಲ್ಲಿ ಮೆಟ್ರೊಗೆ ಜನ ತರುವುದು, ಇನ್ನೊಂದು ಕೈಯಲ್ಲಿ ಅವರಿಗೆ ಕಾರಿನ ಕೀಲಿ ಕೊಡುವುದು! ನನ್ನ ಕೇಳಿದರೆ 4 ಎಫ್‌ಎಆರ್‌ಗಿಂತ ಮೊದಲು ಬದಲಾಗಬೇಕಾದದ್ದು ಪಾರ್ಕಿಂಗ್ ನಿಯಮ.

ಆಮೇಲೆ ಅಂಕಿಗಳನ್ನು ಕೂಡಿಸುವ ಕೆಲಸ. ಒಂದು ಕಡೆ ಪ್ರತಿ ನಿಲ್ದಾಣದಲ್ಲಿ ಗಂಟೆವಾರು ಹತ್ತಿದವರು, ಇಳಿದವರು. ಇನ್ನೊಂದು ಕಡೆ ಮನೆ, ಉದ್ಯೋಗ, ಅಂಗಡಿ, ರಸ್ತೆ ಕೂಡುವ ಜಾಗಗಳು, ಬಸ್ಸು. ನಮ್ಮ ನಿಲ್ದಾಣಗಳು ನೂರೂ ಇಲ್ಲ. ಅಷ್ಟು ಕಡಿಮೆ ಇರುವಾಗ ಯಾವ ಅಂಶಕ್ಕೂ ಪ್ರಯಾಣಿಕರ ಸಂಖ್ಯೆಗೂ ಎಷ್ಟು ನಂಟು ಅಂತ ಅಳೆಯುವ ರಿಗ್ರೆಶನ್ ಲೆಕ್ಕಕ್ಕೆ ಐದಾರಕ್ಕಿಂತ ಜಾಸ್ತಿ ಅಂಶಗಳನ್ನು ತುರುಕಿದರೆ ಯಾವ ಉತ್ತರ ಬೇಕಾದರೂ ಬರುತ್ತದೆ. ಇನ್ನೊಂದು ಎಚ್ಚರಿಕೆ: 2025ರ ಫೆಬ್ರುವರಿಯಲ್ಲಿ ಟಿಕೆಟ್ ದರ ಏರಿತು, ಗರಿಷ್ಠ 60 ರೂಪಾಯಿ ಇದ್ದದ್ದು 90 ಆಯಿತು. ಅದಕ್ಕೆ ಮುಂಚಿನ ಅಂಕಿಗೂ ಆಮೇಲಿನದಕ್ಕೂ ಗಂಟು ಹಾಕಬಾರದು.

ಲೆಕ್ಕದಲ್ಲಿ ಜನಸಾಂದ್ರತೆಗಿಂತ ಬೀದಿಗಳ ಹೆಣಿಗೆಯೇ ಮುಂದೆ ಬಂತು. ನನಗೆ ಆಶ್ಚರ್ಯ ಆಗಲಿಲ್ಲ. ನಗರ ಯೋಜನೆಯ ಸಂಶೋಧಕರಾದ ರೀಡ್ ಯೂಯಿಂಗ್ ಮತ್ತು ರಾಬರ್ಟ್ ಸರ್ವೆರೊ 2010ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಸಾಂದ್ರತೆ ಶೇ 10 ಹೆಚ್ಚಾದರೆ ಸಾರ್ವಜನಿಕ ಸಾರಿಗೆಯ ಬಳಕೆ ಶೇ 0.7ರಷ್ಟು ಮಾತ್ರ ಏರುತ್ತದೆ. ರಸ್ತೆಗಳು ಒಂದನ್ನೊಂದು ಕೂಡುವ ಜಾಗಗಳು ಶೇ 10 ಹೆಚ್ಚಾದರೆ ಶೇ 2.3 ಏರುತ್ತದೆ. ಅವು ಹೆಚ್ಚಾಗಿ ಅಮೆರಿಕದ ಊರುಗಳ ಲೆಕ್ಕ. ಅಲ್ಲಿಯ ಅಂಕಿಯನ್ನು ತಂದು ಇಲ್ಲಿಗೆ ಅಂಟಿಸಲು ಆಗಲ್ಲ, ದಿಕ್ಕು ಮಾತ್ರ ಒಂದೇ.

ಆದರೂ ನನಗೆ ಜಾಸ್ತಿ ಕಲಿಸಿದ್ದು ರಿಗ್ರೆಶನ್ ಅಲ್ಲ, ಬೈಯಪ್ಪನಹಳ್ಳಿ. 2011ರಲ್ಲಿ ಮೊದಲ ರೈಲು ಓಡಿದಾಗಿನಿಂದ 2023ರವರೆಗೆ ಅದು ಕೊನೆಯ ನಿಲ್ದಾಣವಾಗಿತ್ತು. ವೈಟ್‌ಫೀಲ್ಡ್ ಕಡೆಯವರೆಲ್ಲ ಅಲ್ಲಿಗೆ ಬಂದೇ ರೈಲು ಹತ್ತಬೇಕಿತ್ತು, ಅದಕ್ಕೇ ಆ ಜಾತ್ರೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ಮಾರ್ಗ ತೆರೆಯಿತು. ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಸುಮಾರು ಎರಡು ಕಿಲೋಮೀಟರ್ ಬಾಕಿ. ಅಷ್ಟೊಂದು ಟೆಕ್ ಪಾರ್ಕ್‌ಗಳಿದ್ದರೂ ಆ ತುಣುಕಿನಲ್ಲಿ ರೈಲು ಖಾಲಿ ಖಾಲಿ. ಅಕ್ಟೋಬರ್ 9ಕ್ಕೆ ಆ ಎರಡು ಕಿಲೋಮೀಟರ್ ಸೇರಿತು, ವೈಟ್‌ಫೀಲ್ಡ್ ಕಡೆಯ ನಿಲ್ದಾಣಗಳು ಗಿಜಿಗುಡತೊಡಗಿದವು, ಬೈಯಪ್ಪನಹಳ್ಳಿಯ ಸಂದಣಿ ಇಳಿಯಿತು. ಈ ಆರೇಳು ತಿಂಗಳಲ್ಲಿ ಎರಡೂ ಕಡೆ ಹೇಳಿಕೊಳ್ಳುವಂಥ ಹೊಸ ಕಟ್ಟಡ ಬಂದಿರಲಿಲ್ಲ. ಬದಲಾಗಿದ್ದು ರೈಲಿನಲ್ಲಿ ಎಲ್ಲಿಗೆ ಹೋಗಬಹುದು ಅನ್ನುವುದು ಮಾತ್ರ. ಅಂದಿನಿಂದ ಕೊನೆಯ ನಿಲ್ದಾಣಗಳಿಗೆ ಬೇರೆ ಗುರುತು ಹಾಕಿಯೇ ಲೆಕ್ಕ ಮಾಡುತ್ತೇನೆ. ಇಲ್ಲದಿದ್ದರೆ ಪಕ್ಕದ ಕಟ್ಟಡಗಳಿಗೆ ಸಲ್ಲದ ಕೀರ್ತಿ ಸಲ್ಲುತ್ತದೆ.

ದಿನದ ಒಟ್ಟು ಸಂಖ್ಯೆಯನ್ನು ಮಾತ್ರ ನೋಡುವವರಿಗೆ ಇನ್ನೊಂದು ವಿಷಯ ಕಾಣುವುದಿಲ್ಲ. ಬರೀ ಮನೆಗಳಿರುವ ಕಡೆ ಬೆಳಿಗ್ಗೆ ಹತ್ತುವವರೇ, ಇಳಿಯುವವರಿಲ್ಲ. ಬರೀ ಆಫೀಸಿನ ಕಡೆ ಇದು ತಿರುಗಾಮುರುಗಾ. ರೈಲು ಒಂದು ದಿಕ್ಕಿಗೆ ಕಾಲಿಡಲಾಗದಷ್ಟು ತುಂಬಿ, ವಾಪಸ್ ಹೋಗುವಾಗ ಸೀಟು ಖಾಲಿ. ಇಂದಿರಾನಗರದಲ್ಲಿ ಮನೆ, ಆಫೀಸು, ಹೋಟೆಲು ಬೆರೆತಿರುವುದರಿಂದ ಎರಡೂ ದಿಕ್ಕಿಗೆ ಜನ, ಕತ್ತಲಾದ ಮೇಲೂ ಜನ. ಹೊಸದಾಗಿ ಒಂದು ರೈಲನ್ನೂ ಕೊಳ್ಳದೆ ಆದಾಯ ಬರುವುದು ಇಂಥ ಕಡೆ.

ಕಾರಣ ಯಾವುದು, ಪರಿಣಾಮ ಯಾವುದು ಅನ್ನುವ ತಕರಾರು ಮುಗಿಯುವಂಥದ್ದಲ್ಲ. 'ಮೆಟ್ರೊಗೆ 5 ನಿಮಿಷ' ಅಂತ ಬೋರ್ಡ್ ನೋಡಿ ಮನೆ ಹಿಡಿಯುವವರು ಮೊದಲೇ ರೈಲಿನವರು. ಆ ಮನೆ ಅವರನ್ನು ಬದಲಿಸಿತು ಅನ್ನಲಾಗದು. ಅದಕ್ಕೇ ಬಾಡಿಗೆದಾರರಿಗೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ, ಹಿಂದಿನ ಮನೆಯಿಂದ ಕೆಲಸಕ್ಕೆ ಹೇಗೆ ಹೋಗುತ್ತಿದ್ದಿರಿ ಅಂತ.

ಹಳದಿ ಮಾರ್ಗವನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ. 2025ರ ಆಗಸ್ಟ್‌ನಲ್ಲಿ ಶುರುವಾದಾಗ ಅಲ್ಲಿದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ 25 ನಿಮಿಷ ಕಾಯಬೇಕು ಅಂದರೆ ಎಷ್ಟೋ ಜನ ಬೈಕೇ ಹತ್ತುತ್ತಾರೆ. ಆ ದಿನಗಳ ಅಂಕಿ ತೆಗೆದುಕೊಂಡರೆ ನಾನು ಅಳೆಯುವುದು ಸುತ್ತಲ ಕಟ್ಟಡಗಳನ್ನಲ್ಲ, ರೈಲಿನ ಕೊರತೆಯನ್ನು. ರೈಲುಗಳು ಸಾಕಷ್ಟು ಬಂದು, ಹಸಿರು, ನೇರಳೆ ಮಾರ್ಗಗಳಷ್ಟೇ ಬೇಗಬೇಗ ಓಡತೊಡಗಿದ ಮೇಲಿನ ಅಂಕಿಯನ್ನಷ್ಟೇ ಅಲ್ಲಿಂದ ತೆಗೆದುಕೊಳ್ಳುವುದು ಅಂತ ತೀರ್ಮಾನಿಸಿದ್ದೇನೆ.